ಅಳೆದು ನೋಡದೆ ‘ಡಿಸ್ಕ್ ಬೆಂಡ್’ ಎನ್ನಬೇಡಿ

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿದು ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ ಘಟ್ಟಗಳಲ್ಲಿ ಕಾರುಗಳ ಸಾಲು ಬೆಳೆಯುತ್ತಿರುವ ಈ ದಿನಗಳಲ್ಲಿ, ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುವ ತೊಂದರೆಯ ಬಗ್ಗೆ ಮತ್ತು ಅದನ್ನು ನಮ್ಮ ಗ್ಯಾರೇಜುಗಳಲ್ಲಿ ನಿಭಾಯಿಸುವ ರೀತಿಯ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಇಂಥ ದೂರು ಹೊತ್ತು ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಡಿಸ್ಕ್ ಬೆಂಡ್ ಆಗಿದೆ, ಬದಲಿಸಬೇಕು.’ ಈ ಮಾತು ಹೇಳುವ ಮೊದಲು ಡಿಸ್ಕನ್ನು, ಅಂದರೆ ಗಾಲಿಯ ಜೊತೆ ತಿರುಗುವ ಬ್ರೇಕಿನ ಕಬ್ಬಿಣದ ತಟ್ಟೆಯನ್ನು, ಅಳೆದು ನೋಡಿದವರು ನನ್ನ ಅನುಭವದಲ್ಲಿ ತೀರಾ ಕಡಿಮೆ. ಇದರಿಂದ ಜನರ ಹಣ ಪೋಲಾಗುತ್ತಿರುವುದು ನಿಜ. ಆದರೆ ಹೊಸ ಡಿಸ್ಕ್ ಹಾಕಿಸಿದೆವೆಂಬ ಧೈರ್ಯದಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವವರ ಗಾಡಿಯಲ್ಲಿ ಮೂಲ ದೋಷ ಹಾಗೆಯೇ ಉಳಿದಿರುತ್ತದೆ ಎಂಬುದು ನನಗೆ ಅದಕ್ಕಿಂತ ದೊಡ್ಡ ಆತಂಕ.

ನಾನು ಐಟಿಐಯಲ್ಲಿ 31 ವರ್ಷ ಫಿಟ್ಟರ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದವನು, ಪುತ್ತೂರಿನ ನಿವಾಸಿ. ಮಗಳ ಮನೆ ಹಾಸನದಲ್ಲಿರುವುದರಿಂದ ತಿಂಗಳಿಗೆ ಎರಡು ಬಾರಿಯಾದರೂ ಉಪ್ಪಿನಂಗಡಿ, ಗುಂಡ್ಯ, ಸಕಲೇಶಪುರದ ದಾರಿಯಲ್ಲಿ ಹೋಗಿ ಬರುತ್ತೇನೆ. ನನ್ನದು ಒಂಬತ್ತು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಎರಡು ವರ್ಷದ ಹಿಂದೆ ಹಾಸನ ದಾಟಿ ಬರುವಾಗ 80 ಕಿಲೋಮೀಟರ್ ವೇಗದಿಂದ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಎರಡೂ ಕೈಯಲ್ಲಿ ಅದುರತೊಡಗಿತು. ಊರಿನ ದೊಡ್ಡ ವರ್ಕ್‌ಶಾಪೊಂದಕ್ಕೆ ಒಯ್ದೆ. ಒಂದು ಸುತ್ತು ಓಡಿಸಿ ನೋಡಿ, ಡಿಸ್ಕ್ ಬೆಂಡ್ ಎಂದು ಹೇಳಿ, ಮುಂದಿನ ಎರಡೂ ಡಿಸ್ಕ್ ಮತ್ತು ಅವನ್ನು ಒತ್ತಿ ಹಿಡಿಯುವ ಪ್ಯಾಡುಗಳನ್ನು ಬದಲಿಸಿಕೊಟ್ಟರು. ನಡುಕ ಪೂರ್ತಿ ನಿಂತಿತು. ಐದು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಮತ್ತೆ ಮೆಲ್ಲನೆ ಶುರುವಾಯಿತು. ಎರಡನೆಯ ಸಲ ಹೋದಾಗ ‘ನೀವು ಘಟ್ಟದಲ್ಲಿ ಬ್ರೇಕ್ ಜಾಸ್ತಿ ಉಪಯೋಗಿಸುತ್ತೀರಿ’ ಎಂದರು, ಮತ್ತೆ ಡಿಸ್ಕ್ ಬದಲಾಯಿತು, ಮತ್ತೆ ಕೆಲವೇ ತಿಂಗಳಲ್ಲಿ ಅದೇ ನಡುಕ. ಸಾವಿರಾರು ಹುಡುಗರಿಗೆ ಮೈಕ್ರೋಮೀಟರ್ ಹಿಡಿಯಲು ಕಲಿಸಿದ ನಾನು ಆ ಎರಡೂ ಸಲ ‘ಎಷ್ಟು ಬೆಂಡ್ ಆಗಿದೆ, ಅಳತೆ ತೋರಿಸಿ’ ಎಂದು ಕೇಳಲಿಲ್ಲ. ಆ ವಿಷಾದ ನನಗೆ ಇಂದಿಗೂ ಇದೆ.

ಮೂರನೆಯ ಸಲ ಹೋದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪುಟ್ಟ ಗ್ಯಾರೇಜಿಗೆ. ಅವನು ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗಾಲಿ ಬಿಚ್ಚಿದ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಕಳಚಿ, ಅದರ ಭಾರ ರಬ್ಬರ್ ಪೈಪಿನ ಮೇಲೆ ಬೀಳದ ಹಾಗೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದ. ಗಾಲಿ, ಡಿಸ್ಕ್ ಎರಡನ್ನೂ ಹೊತ್ತು ತಿರುಗುವ ನಡುಭಾಗವಾದ ಹಬ್ಬಿಗೆ ಡಿಸ್ಕ್ ಸಮವಾಗಿ ಕಚ್ಚಿ ನಿಲ್ಲಲೆಂದು ವಾಷರ್ ಇಟ್ಟು ಗಾಲಿಯ ನಟ್ಟುಗಳನ್ನೇ ಮತ್ತೆ ಬಿಗಿದ. ಬಳಿಕ ಮ್ಯಾಗ್ನೆಟ್ ಸ್ಟ್ಯಾಂಡಿನ ಡಯಲ್ ಗೇಜನ್ನು ಕೂರಿಸಿ, ಅದರ ಮೊನೆಯನ್ನು ಡಿಸ್ಕಿನ ಅಂಚಿನಿಂದ ಒಂದು ಸೆಂಟಿಮೀಟರ್ ಒಳಕ್ಕೆ ತಾಗಿಸಿ, ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದ. ಮುಳ್ಳು ಹನ್ನೊಂದು ಗೆರೆ ಏರಿ ಹನ್ನೊಂದು ಗೆರೆ ಇಳಿಯಿತು. ಒಂದು ಗೆರೆಗೆ 0.01 ಮಿಲಿಮೀಟರ್, ಅಂದರೆ 0.11 ಮಿಲಿಮೀಟರ್ ಓಲಾಟ. ಮುಳ್ಳು ತುದಿಗೇರಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿದ. ಸಾಮಾನ್ಯ ಕಾರುಗಳಲ್ಲಿ ಈ ಓಲಾಟ 0.05 ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು, ಕೆಲವು ತಯಾರಕರು 0.1ರವರೆಗೆ ಒಪ್ಪುತ್ತಾರೆ.

ಇಲ್ಲಿಗೇ ನಿಲ್ಲಿಸಿದ್ದರೆ ಅವನೂ ‘ಡಿಸ್ಕ್ ಬೆಂಡ್’ ಎಂದೇ ಹೇಳಬೇಕಾಗುತ್ತಿತ್ತು. ಆದರೆ ಅವನು ‘ಸಾರ್, ಡಿಸ್ಕ್ ನೋಡುವ ಮೊದಲು ಅದು ಕೂತ ಜಾಗ ನೋಡಬೇಕು’ ಎಂದು ಹೇಳಿ ಮರದ ಸುತ್ತಿಗೆಯಿಂದ ತಟ್ಟಿ ಡಿಸ್ಕನ್ನು ಹಬ್ಬಿನಿಂದ ಬಿಡಿಸಿದ. ತಳ ಹಿಡಿದ ಪಾಯಸದ ಪಾತ್ರೆಯಂತೆ ಹಬ್ಬಿನ ಮುಖದ ತುಂಬ ತುಕ್ಕು ಪದರ ಪದರವಾಗಿ ಅಂಟಿಕೊಂಡಿತ್ತು. ಒಂದು ಬೋಲ್ಟಿನ ಬುಡದಲ್ಲಂತೂ ಉಗುರಿನಗಲದ ಚಕ್ಕೆಯೇ ನಿಂತಿತ್ತು, ಸೀಮೆಸುಣ್ಣದ ಗುರುತಿಗೆ ಸರಿಯಾಗಿ ಅದೇ ಬದಿಯಲ್ಲಿ. ಎರಡು ಸಲವೂ ಹೊಸ ಡಿಸ್ಕನ್ನು ಈ ತುಕ್ಕಿನ ಮೇಲೆಯೇ ಕೂರಿಸಿದ್ದರು. ತಂತಿ ಬ್ರಷ್ಷು, ಎಮರಿ ಪೇಪರ್ ಹಿಡಿದು ಅರ್ಧ ಗಂಟೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಹಬ್ಬಿನ ಮುಖವನ್ನೇ ಗೇಜಿನಿಂದ ಅಳೆದು ಅದು 0.02ರೊಳಗಿದೆ ಎಂದು ಖಾತ್ರಿ ಮಾಡಿಕೊಂಡ. ಅದೇ ಡಿಸ್ಕನ್ನು ಮತ್ತೆ ಏರಿಸಿ ತಿರುಗಿಸಿದಾಗ ಮುಳ್ಳು ನಾಲ್ಕು ಗೆರೆಯಷ್ಟೇ ಆಡಿತು. ಡಿಸ್ಕ್ ಬಾಗಿರಲಿಲ್ಲ, ಅದನ್ನು ಓರೆಯಾಗಿ ಕೂರಿಸಲಾಗಿತ್ತು.

ಹಬ್ಬಿನ ಮೇಲಿನ ಚಿಕ್ಕ ಚಕ್ಕೆ ಇಷ್ಟು ದೊಡ್ಡ ತೊಂದರೆ ಮಾಡುವುದು ಹೇಗೆ ಎಂದು ಓದುಗರಿಗೆ ಅನಿಸಬಹುದು. ಹಬ್ಬಿನ ಮುಖಕ್ಕಿಂತ ಡಿಸ್ಕಿನ ಅಗಲ ಹೆಚ್ಚು. ಹಾಗಾಗಿ ನಡುವಿನಲ್ಲಿ 0.05 ಮಿಲಿಮೀಟರಿನ ಕಸವಿದ್ದರೆ ಹೊರ ಅಂಚಿಗೆ ಬರುವಷ್ಟರಲ್ಲಿ ಅದು ಸುಮಾರು ಒಂದೂವರೆ ಪಟ್ಟಾಗಿ ಕಾಣಿಸಿಕೊಳ್ಳುತ್ತದೆ. ಹೀಗೆ ಓಲಾಡುವ ಡಿಸ್ಕ್ ಮೊದಲ ದಿನವೇ ನಡುಕ ತರುವುದಿಲ್ಲ, ಏಕೆಂದರೆ ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಜಾರಿ ಆ ಓಲಾಟಕ್ಕೆ ಹೊಂದಿಕೊಳ್ಳುತ್ತದೆ. ಆದರೆ ಬ್ರೇಕ್ ಒತ್ತದೆ ಓಡುವಾಗಲೂ ಪ್ರತಿ ಸುತ್ತಿನಲ್ಲಿ ಡಿಸ್ಕಿನ ಅದೇ ಜಾಗ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ಸವರಿ ಸವರಿ ಅಲ್ಲಿ ಕಬ್ಬಿಣ ಸವೆಯುತ್ತದೆ ಅಥವಾ ಪ್ಯಾಡಿನ ವಸ್ತು ಮೆತ್ತಿಕೊಳ್ಳುತ್ತದೆ. ಆಗ ಡಿಸ್ಕಿನ ದಪ್ಪ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಆಗುತ್ತದೆ. ನಡುಕಕ್ಕೆ ನಿಜವಾದ ಕಾರಣ ಈ ದಪ್ಪದ ವ್ಯತ್ಯಾಸ. ದಪ್ಪ ಭಾಗ ಪ್ಯಾಡುಗಳ ನಡುವೆ ನುಗ್ಗಿದಾಗ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ತಳ್ಳಲ್ಪಟ್ಟು ಪೆಡಲ್ ಕಾಲಿಗೆ ತಾಗುತ್ತದೆ, ತೆಳು ಭಾಗ ಬಂದಾಗ ಹಿಡಿತ ಸಡಿಲುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಸಣ್ಣ ಕಾರಿನ ಗಾಲಿ ಸೆಕೆಂಡಿಗೆ ಸುಮಾರು ಹನ್ನೆರಡು ಸುತ್ತು ತಿರುಗುವುದರಿಂದ ಕೈಗೆ ಅದು ನಡುಕವಾಗಿ ಬರುತ್ತದೆ. ಇದಕ್ಕೆ ಬೇಕಾದ ವ್ಯತ್ಯಾಸ 0.02 ಮಿಲಿಮೀಟರ್ ಮಾತ್ರ, ತಲೆಗೂದಲಿನ ದಪ್ಪದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ನನ್ನ ಎಡ ಡಿಸ್ಕಿನ ದಪ್ಪವನ್ನು ಸುತ್ತ ಎಂಟು ಕಡೆ ಮೈಕ್ರೋಮೀಟರಿನಿಂದ ಅಳೆದಾಗ 16.91ರಿಂದ 16.94 ಮಿಲಿಮೀಟರ್‌ವರೆಗೆ ಬಂತು. ಕಣ್ಣಿಗೆ ಕಾಣದ, ಬೆರಳಿಗೆ ಹತ್ತದ ಈ ವ್ಯತ್ಯಾಸವನ್ನು ಓಡಿಸಿ ನೋಡಿದ ಮಾತ್ರಕ್ಕೆ ಯಾರೂ ನಿರ್ಣಯಿಸಲಾರರು. ಹೊಸ ಡಿಸ್ಕ್ ಕೆಲವು ಸಾವಿರ ಕಿಲೋಮೀಟರ್ ಚೆನ್ನಾಗಿ ಓಡಿ ಮತ್ತೆ ಕೆಡುವುದರ ಗುಟ್ಟೂ ಇದೇ. ಡಿಸ್ಕ್ ಹಾಕಿ ಕಳಿಸಿದವರಿಗೆ ಅಷ್ಟು ದಿನ ತಮ್ಮ ಕೆಲಸ ಸರಿಯಾಗಿತ್ತೆಂದೇ ಅನಿಸುತ್ತದೆ.

ಘಟ್ಟದ ವಿಷಯಕ್ಕೆ ಬರುತ್ತೇನೆ. ಎರಕದ ಕಬ್ಬಿಣದ ಡಿಸ್ಕ್ ಹಪ್ಪಳದಂತೆ ಸುರುಟಿಕೊಳ್ಳುವುದು ನಿಜಕ್ಕೂ ಅಪರೂಪ. ಆದರೆ ಬಿಸಿ ಅದನ್ನು ಬೇರೆ ರೀತಿಯಲ್ಲಿ ಕೆಡಿಸುತ್ತದೆ. ನಾಲ್ವರು ಕುಳಿತ ಸಣ್ಣ ಕಾರಿನ ತೂಕ 1,200 ಕೆ.ಜಿ. ಎಂದು ಹಿಡಿದು, ಅದು 700 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಬಲದಲ್ಲಿ ಇಳಿದರೆ ಹುಟ್ಟುವ ಶಾಖ ಸುಮಾರು 82 ಲಕ್ಷ ಜೂಲ್. ಬಚ್ಚಲ ಹಂಡೆಯಲ್ಲಿ 26 ಲೀಟರ್ ತಣ್ಣೀರನ್ನು ಕುದಿ ಬರುವವರೆಗೆ ಕಾಯಿಸಲು ಬೇಕಾಗುವಷ್ಟು ಶಾಖ ಅದು. ಅದರಲ್ಲಿ ದೊಡ್ಡ ಪಾಲು ಮುಂದಿನ ಎರಡು ಡಿಸ್ಕುಗಳ ಮೇಲೆಯೇ ಬೀಳುತ್ತದೆ. ಎರಡನೆಯ ಗೇರಿನಲ್ಲಿ ಎಂಜಿನ್ನಿನ ತಡೆಯಲ್ಲಿ ಇಳಿದರೆ ಈ ಹೊರೆಯ ಬಹುಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್ ಮಾಡಿಕೊಂಡು ಪೆಟ್ರೋಲ್ ಉಳಿಸುತ್ತೇವೆಂದು ಇಳಿಯುವವರನ್ನು, ನಾಲ್ಕನೆಯ ಗೇರಿನಲ್ಲೇ ಇಡೀ ಘಟ್ಟ ಬ್ರೇಕ್ ಮೇಲೆ ಕಾಲಿಟ್ಟು ಬರುವವರನ್ನು ನಾನು ಪ್ರತಿ ಪ್ರಯಾಣದಲ್ಲೂ ನೋಡುತ್ತೇನೆ. ಗುಂಡ್ಯದ ಹತ್ತಿರ ಅಂಥ ಕಾರುಗಳ ಪಕ್ಕದಲ್ಲಿ ನಿಂತರೆ ಸುಟ್ಟ ಪ್ಯಾಡಿನ ಕಮಟು ವಾಸನೆ ಮೂಗಿಗೆ ಅಡರುತ್ತದೆ. ನೀರು ಹೀರಿದ ಹಳೆಯ ಬ್ರೇಕ್ ಆಯಿಲ್ ಆ ಬಿಸಿಗೆ ಕುದಿದರಂತೂ ಪೆಡಲ್ ಕಾಲಡಿಗೇ ಕುಸಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವಂತಿಲ್ಲ, ಆದರೆ ತೇವ ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು ಎಂಬುದನ್ನು ಎಂಜಿನ್ ಆಯಿಲ್ ಬದಲಿಸುವಷ್ಟು ಶ್ರದ್ಧೆಯಿಂದ ಯಾರೂ ಪಾಲಿಸುವುದಿಲ್ಲ.

ಇಳಿದು ಬಂದವರು ಮಾಡುವ ಇನ್ನೊಂದು ತಪ್ಪಿದೆ. ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿ ಹಿಡಿದೇ ಕಾರು ನಿಲ್ಲಿಸಿದರೆ ಆ ಜಾಗದಲ್ಲಿ ಪ್ಯಾಡಿನ ವಸ್ತು ಮುದ್ರೆ ಒತ್ತಿದಂತೆ ಅಂಟಿಕೊಳ್ಳುತ್ತದೆ. ಬ್ರೇಕಿನ ಹಿಡಿತ ನಿಂತಿರುವುದೇ ಡಿಸ್ಕಿನ ಮೇಲೆ ಪ್ಯಾಡು ಬಿಡುವ ತೆಳುವಾದ ಪದರದ ಮೇಲೆ. ಆ ಪದರ ಒಂದೆಡೆ ದಪ್ಪಗಾದರೆ ಮುಂದೆ ಅಲ್ಲಿ ಬಿಸಿ ಹೆಚ್ಚು, ಬಿಸಿ ಹೆಚ್ಚಿದಲ್ಲಿ ಇನ್ನಷ್ಟು ಅಂಟು. 650 ಡಿಗ್ರಿಗೂ ಮೇಲೆ ಬಿಸಿಯಾದ ಇಂಥ ಕಲೆಗಳ ಕೆಳಗೆ ಕಬ್ಬಿಣವೇ ಸಿಮೆಂಟೈಟ್ ಎಂಬ ಗಟ್ಟಿ ರೂಪಕ್ಕೆ ತಿರುಗುತ್ತದೆ. ನೀಲಿಗಪ್ಪು ಮಚ್ಚೆಗಳಾಗಿ ಕಾಣುವ ಈ ಗಂಟುಗಳು ಡಿಸ್ಕಿನ ಒಳಕ್ಕೂ ಇಳಿದಿರುವುದರಿಂದ ಲೇತಿಗೆ ಹಾಕಿ ಮೇಲ್ಮೈ ತೆಗೆದರೂ ಸ್ವಲ್ಪ ದಿನಕ್ಕೆ ಮತ್ತೆ ತಲೆ ಎತ್ತುತ್ತವೆ. ಅಂಥ ಡಿಸ್ಕನ್ನು ಬದಲಿಸುವುದೇ ಸರಿ. ಆದ್ದರಿಂದ ಘಟ್ಟ ಇಳಿದ ಮೇಲೆ ಚಹಾಕ್ಕೆ ನಿಲ್ಲುವ ಮೊದಲು ಒಂದೆರಡು ಕಿಲೋಮೀಟರ್ ಆದಷ್ಟೂ ಬ್ರೇಕ್ ಮುಟ್ಟದೆ ಓಡಿಸಿ ಗಾಳಿಗೆ ಆರಲು ಬಿಡಿ. ನಿಲ್ಲಲೇಬೇಕಾದರೆ ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಟ್ಟು ಪೆಡಲ್ ಬಿಡಿ. ಕೆಂಡದಂತೆ ಕಾದ ಗಾಲಿಗೆ ಬಕೆಟ್ ನೀರು ಸುರಿಯುವುದನ್ನಂತೂ ದಯವಿಟ್ಟು ಮಾಡಬೇಡಿ. ಬಾಗದ ಡಿಸ್ಕ್ ಬಾಗಲು ಅಥವಾ ಬಿರುಕು ಬಿಡಲು ಅದೊಂದೇ ಸಾಕು.

ನಡುಕ ಯಾವುದೇ ಇರಲಿ, ಅದು ಬ್ರೇಕಿನದೇ ಅಲ್ಲವೇ ಎಂದು ಗ್ಯಾರೇಜಿಗೆ ಹೋಗುವ ಮೊದಲೇ ಮಾಲೀಕರು ಸ್ವಲ್ಪ ಮಟ್ಟಿಗೆ ತಿಳಿದುಕೊಳ್ಳಬಹುದು. ಬ್ರೇಕ್ ಮುಟ್ಟದೆಯೇ 80–90ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಅದು ವೀಲ್ ಬ್ಯಾಲೆನ್ಸಿಂಗ್, ಟೈರಿನ ಉಬ್ಬು ಅಥವಾ ಗುಂಡಿಗೆ ಬಿದ್ದು ಬಾಗಿದ ರಿಮ್ಮಿನ ವಿಷಯ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕುಗಳನ್ನು ನೋಡಬೇಕು. ಸ್ಟೀರಿಂಗ್ ಶಾಂತವಾಗಿದ್ದು ಸೀಟು, ನೆಲ ಅದುರಿದರೆ ಹಿಂದಿನ ಡ್ರಮ್ ಗುಂಡಗೆ ಉಳಿದಿಲ್ಲದಿರಬಹುದು. ಮುಂದೆ ಹಿಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, 30–40ರ ವೇಗದಲ್ಲಿ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಎಳೆದರೆ ಅದು ಗೊತ್ತಾಗುತ್ತದೆ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್, ಅಂದರೆ ಜೋರು ಬ್ರೇಕಿಗೆ ಗಾಲಿ ತಿರುಗದೆ ಜಾರುವುದನ್ನು ತಡೆಯುವ ವ್ಯವಸ್ಥೆ, ಕಡ್ಡಾಯವಾಗಿದೆ. ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಕರಕರ ಸದ್ದಿನೊಂದಿಗೆ ಪೆಡಲ್ ತಳ್ಳಿ ತಳ್ಳಿ ಬರುವುದು ಆ ವ್ಯವಸ್ಥೆಯ ಕೆಲಸವೇ ಹೊರತು ದೋಷವಲ್ಲ, ಹೆದರಿ ಕಾಲು ತೆಗೆಯಬಾರದು. ಸ್ಟೀರಿಂಗ್ ಮತ್ತು ಗಾಲಿಗಳನ್ನು ಹಿಡಿದಿಡುವ ಕೀಲುಗಳು, ಅಂದರೆ ಬಾಲ್ ಜಾಯಿಂಟ್, ಟೈ ರಾಡ್ ತುದಿ, ಆರ್ಮ್ ಬುಷ್ ಸವೆದಿದ್ದರೆ ಅತಿ ಚಿಕ್ಕ ನಡುಕವೂ ದೊಡ್ಡದಾಗಿ ಕೈಗೆ ಬರುತ್ತದೆ, ಆದ್ದರಿಂದ ಅವನ್ನೂ ಅದೇ ಸಮಯದಲ್ಲಿ ಅಲುಗಿಸಿ ನೋಡಬೇಕು.

ನನ್ನ ಕಾರಿನ ಡಿಸ್ಕುಗಳನ್ನು ಎಸೆಯಬೇಕಾಗಿ ಬರಲಿಲ್ಲ. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಅಚ್ಚಾಗಿರುತ್ತದೆ. ನನ್ನದರಲ್ಲಿ 15 ಮಿಲಿಮೀಟರ್ ಎಂದಿತ್ತು. ನನ್ನ ವಿದ್ಯಾರ್ಥಿ ಎರಡೂ ಬದಿಯ ಡಿಸ್ಕುಗಳನ್ನು ಲೇತಿನಲ್ಲಿ ಒಂದೊಂದು ಮುಖಕ್ಕೆ 0.1 ಮಿಲಿಮೀಟರಿನಷ್ಟು ತೆಳುವಾಗಿ ಹೊಡೆದು, ಮತ್ತೆ ಏರಿಸಿ, ಮತ್ತೆ ಗೇಜ್ ಇಟ್ಟು ನೋಡಿ ಮುಗಿಸಿದ. ಎಡಗಾಲಿಯ ಕ್ಯಾಲಿಪರಿನ ಜಾರು ಪಿನ್ನುಗಳಲ್ಲಿ ಒಂದು ಧೂಳು ಕಟ್ಟಿ ಹಿಡಿದುಕೊಂಡಿತ್ತು. ಅದನ್ನು ತೆಗೆದು ತೊಳೆದು, ರಬ್ಬರನ್ನು ಉಬ್ಬಿಸುವ ಸಾಮಾನ್ಯ ಗ್ರೀಸ್ ಬಿಟ್ಟು ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿದ. ಹಿಡಿದುಕೊಂಡ ಪಿನ್ ಪ್ಯಾಡನ್ನು ಸದಾ ಡಿಸ್ಕಿಗೆ ಒತ್ತಿರುವುದರಿಂದ ಆ ಗಾಲಿ ಸುಮ್ಮನೆ ಬಿಸಿಯಾಗುತ್ತಿರುತ್ತದೆ. ಪ್ರಯಾಣ ಮುಗಿದ ಮೇಲೆ ಒಂದು ಗಾಲಿಯ ಹತ್ತಿರ ಕೈ ಒಡ್ಡಿದಾಗ ಇನ್ನೊಂದಕ್ಕಿಂತ ಹೆಚ್ಚು ಕಾವು ಹೊಡೆಯುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು.

ಕೊನೆಯಲ್ಲಿ ಅವನು ನಟ್ಟುಗಳನ್ನು ಗಾಳಿ ಗನ್ನಿನಿಂದ ಬಿಗಿಯದೆ, ಎದುರುಬದುರು ಒಂದೊಂದಾಗಿ, ಟಾರ್ಕ್ ರೆಂಚಿನಲ್ಲಿ 100 ನ್ಯೂಟನ್ ಮೀಟರಿಗೆ ಬಿಗಿದ. ಒಂದಡಿ ಉದ್ದದ ಪಾನಾದ ತುದಿಗೆ 33 ಕೆ.ಜಿ. ಭಾರ ಹಾಕಿದಷ್ಟು ಬಲ ಅದು, ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಪಂಕ್ಚರ್ ಅಂಗಡಿಗಳಲ್ಲಿ ಗನ್ನು ಹಿಡಿದು ಗರ್ರನೆ ಬಿಗಿಯುವಾಗ ಒಂದು ನಟ್ಟಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಲ ಬಿದ್ದು ಚೆನ್ನಾಗಿದ್ದ ಡಿಸ್ಕೂ ಓರೆಯಾಗುತ್ತದೆ. ಹೊಸದಾಗಿ ಹೊಡೆದ ಡಿಸ್ಕಿನ ಮೇಲೆ ಸಮನಾದ ಪದರ ಕೂರಲೆಂದು, ಖಾಲಿ ರಸ್ತೆಯಲ್ಲಿ 60ರಿಂದ 10ರ ವೇಗಕ್ಕೆ ಹತ್ತು ಸಲ, ಪೂರ್ತಿ ನಿಲ್ಲಿಸದೆ, ನಡುನಡುವೆ ಆರಲು ಬಿಟ್ಟು ಬ್ರೇಕ್ ಹಾಕಿಸಿದ. ಈ ಎಲ್ಲ ಕೆಲಸಕ್ಕೆ ಅವನು ಪಡೆದ ಹಣ ನಾನು ಹಿಂದೆ ಎರಡು ಸಲ ತೆತ್ತದ್ದರ ಹತ್ತನೇ ಒಂದು ಭಾಗವೂ ಆಗಲಿಲ್ಲ. ಅದಾಗಿ ಹದಿನಾಲ್ಕು ಸಾವಿರ ಕಿಲೋಮೀಟರ್ ಕಳೆದಿದೆ. ಅಷ್ಟೇ ಘಟ್ಟ ಹತ್ತಿ ಇಳಿದಿದ್ದೇನೆ, ನಡುಕ ಮರಳಿಲ್ಲ.

ದೊಡ್ಡ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡುವ ಹುಡುಗರನ್ನು ನಾನು ದೂರುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ನಮ್ಮ ಐಟಿಐಗಳಿಂದಲೇ ಹೊರಬಂದವರು, ಡಯಲ್ ಗೇಜ್ ಹಿಡಿಯಲು ಬಲ್ಲವರು. ಆದರೆ ದಿನಕ್ಕೆ ಇಷ್ಟು ಕಾರು ಮುಗಿಸಬೇಕೆಂಬ ಒತ್ತಡದಲ್ಲಿ ಅರ್ಧ ಗಂಟೆ ತುಕ್ಕು ಉಜ್ಜಲು ಅವರಿಗೆ ಯಾರೂ ಸಮಯ ಕೊಡುವುದಿಲ್ಲ, ಮತ್ತು ಉಜ್ಜುವ ಕೆಲಸಕ್ಕೆ ಬಿಲ್ಲಿನಲ್ಲಿ ಜಾಗವಿಲ್ಲ. ಮ್ಯಾಗ್ನೆಟ್ ಸ್ಟ್ಯಾಂಡಿನ ಸಾಧಾರಣ ಡಯಲ್ ಗೇಜ್ ಹೆಚ್ಚುಕಡಿಮೆ ಒಂದು ಜೊತೆ ಡಿಸ್ಕಿನ ಬೆಲೆಗೆ ಸಿಗುತ್ತದೆ. ಬ್ರೇಕ್ ನಡುಕದ ದೂರಿನ ಮೇಲೆ ಡಿಸ್ಕ್ ಬದಲಿಸುವ ಯಾವುದೇ ವರ್ಕ್‌ಶಾಪು ತನ್ನ ಜಾಬ್ ಕಾರ್ಡಿನಲ್ಲಿ ಮೂರು ಅಂಕಿಗಳನ್ನು ಬರೆದುಕೊಡಲಿ: ಓಲಾಟ ಎಷ್ಟು, ದಪ್ಪದ ವ್ಯತ್ಯಾಸ ಎಷ್ಟು, ಹಬ್ ಉಜ್ಜಿದ ನಂತರದ ಓಲಾಟ ಎಷ್ಟು. ತೆಗೆದ ಹಳೆಯ ಡಿಸ್ಕನ್ನು ಗ್ರಾಹಕರ ಕೈಗೆ ಕೊಡಲಿ. ಓದುಗರೂ ಈ ಅಂಕಿಗಳನ್ನು ಕೇಳದೆ ಬಿಲ್ ಪಾವತಿಸಬಾರದೆಂದು ಕೋರುತ್ತೇನೆ.

ಸಾರಿಗೆ ಇಲಾಖೆಗೂ ಒಂದು ಮಾತು. ಬಾಡಿಗೆ ವಾಹನಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆ ಇದೆ. ಖಾಸಗಿ ಕಾರಿಗೆ ನೋಂದಣಿಯ 15 ವರ್ಷ ಮುಗಿಯುವವರೆಗೆ ಹೊಗೆ ತಪಾಸಣೆ ಬಿಟ್ಟರೆ ಬೇರಾವ ತಪಾಸಣೆಯೂ ಕಡ್ಡಾಯವಿಲ್ಲ. ಅಷ್ಟು ವರ್ಷ ಅದರ ಬ್ರೇಕನ್ನು ಸರ್ಕಾರದ ಪರವಾಗಿ ಯಾರೂ ನೋಡುವುದಿಲ್ಲ. ಇದನ್ನು ಬದಲಿಸಲು ಕಾನೂನಿನ ತಿದ್ದುಪಡಿ ಬೇಕಾಗಬಹುದು, ಕಾಲ ಹಿಡಿಯಬಹುದು. ಆದರೆ ಸಕಲೇಶಪುರ, ಕೊಟ್ಟಿಗೆಹಾರ, ಆಗುಂಬೆ, ಮಡಿಕೇರಿಗಳಲ್ಲಿ ಇಳಿಜಾರು ಶುರುವಾಗುವ ಮೊದಲೇ ‘ಎರಡನೆಯ ಗೇರಿನಲ್ಲಿ ಇಳಿಯಿರಿ, ಬ್ರೇಕ್ ಮೇಲೆ ಸತತ ಕಾಲಿಡಬೇಡಿ’ ಎಂದು ಎದ್ದು ಕಾಣುವ ಕನ್ನಡ ಅಕ್ಷರಗಳಲ್ಲಿ ಫಲಕ ನಿಲ್ಲಿಸಲು, ಘಟ್ಟದ ಕೆಳಗೆ ಕಾದ ಬ್ರೇಕ್ ಆರಿಸಿಕೊಳ್ಳಲು ರಸ್ತೆ ಬದಿಯಲ್ಲಿ ಸಮತಟ್ಟಾದ ಜಾಗವೊಂದನ್ನು ಗುರುತಿಸಲು ಯಾವ ತಿದ್ದುಪಡಿಯೂ ಬೇಕಿಲ್ಲ. ಡಿಸೆಂಬರಿನ ರಜೆಯ ದಟ್ಟಣೆ ಆರಂಭವಾಗುವ ಮೊದಲು ಸಂಬಂಧಪಟ್ಟ ಜಿಲ್ಲಾಡಳಿತಗಳು ಇಷ್ಟನ್ನಾದರೂ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ, ಪುತ್ತೂರು